ಚೈನ್ ಗಾಡಿ ಗುಜರಿಗೆ ಹೋಗುವ ಮುಂಚೆ

ಮಾನ್ಯ ಸಂಪಾದಕರೇ,

ಸರ್ಕಾರಿ ಯಾರ್ಡುಗಳಲ್ಲಿ ತುಕ್ಕು ಹಿಡಿದು ನಿಂತಿರುವ, ಚೈನಿನ ಮೇಲೆ ಓಡುವ ಹಳೆಯ ಬುಲ್ಡೋಜರ್‌ಗಳನ್ನು ಕೂಡಲೇ ಹರಾಜು ಹಾಕಿ ಜಾಗ ಖಾಲಿ ಮಾಡಬೇಕು ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಗಾಡಿಯ ಸುತ್ತ ಜಾಲಿ ಬೆಳೆದಿರುತ್ತದೆ, ಹಾವು ಹುಳ ಸೇರಿಕೊಂಡಿರುತ್ತವೆ, ರಾತ್ರಿಯಾದರೆ ಬ್ಯಾಟರಿ, ಡೈನಮೊ ಕಳ್ಳತನ ಆಗುತ್ತದೆ. ಆದರೆ ಎಲ್ಲವನ್ನೂ ತೂಕಕ್ಕೆ ಹಾಕಿಬಿಡಿ ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಜಿಲ್ಲೆಗೆ ಒಂದಾದರೂ ಗಾಡಿಯನ್ನು ಉಳಿಸಿ, ಹತ್ತಿರದ ಐಟಿಐಗೆ ಕೊಡಿ. ಅದರ ಕೆಳಭಾಗವನ್ನು, ಅಂದರೆ ಚೈನು, ಗಾಡಿಯ ಭಾರ ಹೊತ್ತು ಚೈನಿನ ಮೇಲೆ ಉರುಳುವ ರೋಲರು, ಮುಂದಿನ ಗಾಲಿಯಾದ ಐಡ್ಲರು, ಹಿಂದೆ ಚೈನನ್ನು ತಿರುಗಿಸುವ ಹಲ್ಲಿನ ಚಕ್ರವಾದ ಸ್ಪ್ರಾಕೆಟ್ಟು ಇಷ್ಟನ್ನೂ ಮಕ್ಕಳ ಕೈಯಲ್ಲೇ ಬಿಚ್ಚಿಸಿ, ಅವರ ಕೈಯಲ್ಲೇ ಮತ್ತೆ ಕೂಡಿಸಿ. ಇದು ನನ್ನ ಮನವಿ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳಬೇಕಾಗಿದೆ.

ನಾನು ಗಂಗಾವತಿ ಕಡೆಯವನು. ಹೆವಿ ಗಾಡಿಗಳ ಫಿಟ್ಟರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಎಂಜಿನ್ ಕೆಲಸ ಗೊತ್ತಿರುವವರು ನನಗಿಂತ ಚೆನ್ನಾಗಿ ಮಾಡುವವರು ಬೇಕಾದಷ್ಟು ಜನ ಇದ್ದರು. ನನ್ನ ಪಾಲಿಗೆ ಬಂದದ್ದು ಚೈನ್ ಕೆಲಸ. ಮಣ್ಣು, ಗ್ರೀಸು, ಚಮ್ಮಟಿಗೆ ಏಟು. ಈ ಕೆಲಸಕ್ಕೆ ಯಾರೂ ಮುಂದೆ ಬರುತ್ತಿರಲಿಲ್ಲ. ಚೈನ್ ಗಾಡಿಗೆ ಆಗುವ ರಿಪೇರಿ ಖರ್ಚಿನಲ್ಲಿ ಹೆಚ್ಚುಕಡಿಮೆ ಅರ್ಧ ಕೆಳಭಾಗಕ್ಕೇ ಹೋಗುತ್ತದೆ ಎನ್ನುವುದು ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಲೆಕ್ಕ. ಆದರೂ ಕಲಿಯುವ ಹುಡುಗ ಎಂಜಿನ್ ಹತ್ತಿರವೇ ನಿಲ್ಲುತ್ತಾನೆ.

ನಮ್ಮ ತುಂಗಭದ್ರಾ ಸೀಮೆ ಹಸಿರಾಗಿದ್ದರಲ್ಲಿ ಈ ಗಾಡಿಗಳ ಪಾಲು ಎಷ್ಟಿದೆ ಎಂಬುದನ್ನು ಇವತ್ತಿನವರು ಮರೆತಿದ್ದಾರೆ. 1953ರಲ್ಲಿ ಕಾಲುವೆಗೆ ನೀರು ಬಿಟ್ಟಾಗ ಇಲ್ಲಿ ಇದ್ದದ್ದು ಏರುಪೇರಿನ ಎರೆ (ಕಪ್ಪು ಮಣ್ಣಿನ) ಹೊಲ ಮತ್ತು ಮಸಾರಿ (ಕೆಂಪು ಮರಳು ಮಣ್ಣಿನ) ದಿನ್ನೆ. ನೀರು ಬಂದ ಮಾತ್ರಕ್ಕೆ ಭತ್ತ ಬೆಳೆಯುತ್ತದೆಯೇ? ಮಡಿ ಸಮ ಇರಬೇಕು, ಬದು ಕಟ್ಟಬೇಕು. ದಿನ್ನೆ ಕಡಿದು, ತಗ್ಗು ತುಂಬಿಸಿ, ಹೊಲವನ್ನು ಗದ್ದೆ ಮಾಡುವುದು ಎತ್ತು, ಹರಗುವ ಕುಂಟೆಯಿಂದ ಆಗುವ ಮಾತಲ್ಲ. ಆಂಧ್ರದ ಕರಾವಳಿಯಿಂದ ಬಂದು ಇಲ್ಲಿ ಕ್ಯಾಂಪ್ ಕಟ್ಟಿಕೊಂಡ ರೈತರನ್ನು ಕೇಳಿ, ಇಲ್ಲಿಯೇ ಹುಟ್ಟಿ ಬೆಳೆದ ಹಿರಿಯರನ್ನು ಕೇಳಿ. ಹೊಲಕ್ಕೆ ಡೋಜರ್ ಬಂದ ದಿನವನ್ನು ಅವರು ಮದುವೆ ದಿನದ ಹಾಗೆ ನೆನಪಿಟ್ಟುಕೊಂಡಿದ್ದಾರೆ.

ದೇಶದ ಕಥೆಯೂ ಇದೇ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯ ಬಿಟ್ಟುಹೋದ ಚೈನ್ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡಿಕೊಂಡೇ ಕೇಂದ್ರ ಟ್ರ್ಯಾಕ್ಟರ್ ಸಂಸ್ಥೆ ಕೆಲಸ ಶುರು ಮಾಡಿದ್ದು. ಮಧ್ಯ ಭಾರತದ ಕರಿಮಣ್ಣಿನಲ್ಲಿ ಕಾನ್ಸ್ ಹುಲ್ಲಿನ ಬೇರು ಆಳಕ್ಕೆ ಇಳಿದು ಲಕ್ಷಾಂತರ ಎಕರೆ ಬೀಳು ಬಿದ್ದಿತ್ತು. ಅದನ್ನು ಉತ್ತು ತೆಗೆಯಲು ಇನ್ನಷ್ಟು ಯಂತ್ರ ಬೇಕೆಂದು 1949ರಲ್ಲಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರ್ ಸಾಲ ತಂದರು. ಸ್ವತಂತ್ರ ಭಾರತ ವಿಶ್ವಬ್ಯಾಂಕಿನಿಂದ ತಂದ ಮೊದಮೊದಲ ಸಾಲಗಳಲ್ಲಿ ಅದೂ ಒಂದು. ಆಮೇಲೆ ನಮ್ಮಲ್ಲೇ ತಯಾರಿ ಶುರುವಾಯಿತು. 1964ರಲ್ಲಿ ಬೆಂಗಳೂರಿನಲ್ಲಿ ಮಣ್ಣು ಕೆಲಸದ ಯಂತ್ರ ಮಾಡುವ ಸರ್ಕಾರಿ ಕಂಪನಿ ಬಿಇಎಂಎಲ್ (ಭಾರತ್ ಅರ್ಥ್ ಮೂವರ್ಸ್, ಜನರ ಬಾಯಲ್ಲಿ ಬೆಮೆಲ್) ಹುಟ್ಟಿತು. ಜಪಾನಿನ ಕೊಮಾಟ್ಸು ಕಂಪನಿಯ ತಾಂತ್ರಿಕ ಒಪ್ಪಂದದಲ್ಲಿ ಕೆಜಿಎಫ್‌ನ ಕಾರ್ಖಾನೆಯಿಂದ ಡಿ-50, ಡಿ-80 ಡೋಜರುಗಳು ಹೊರಬಂದವು. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆ ರೈಲು ಹತ್ತಿದರೆ ಬೆಮೆಲ್ ನಗರ ಅಂತ ಒಂದು ಸ್ಟೇಷನ್ನೇ ಸಿಗುತ್ತದೆ. ಹಿಮಾಲಯದಲ್ಲಿ ಗಡಿ ರಸ್ತೆ ಕಡಿದ ಎಷ್ಟೋ ಡೋಜರುಗಳು ನಮ್ಮ ಕೋಲಾರದ ನೆಲದಲ್ಲಿ ತಯಾರಾದವು. ಬೇರೆ ರಾಜ್ಯದವರಿಗೆ ಇದು ಬರೀ ಕಬ್ಬಿಣ ಇರಬಹುದು. ನಮಗೆ ಹಾಗಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಾರಟಗಿ ಕಡೆಯ ಒಬ್ಬ ರೈತರು ಹರಾಜಿನಲ್ಲಿ ಒಂದು ಹಳೆಯ ಡಿ-80 ಹಿಡಿದರು. ನೂರ ಎಂಬತ್ತು ಅಶ್ವಶಕ್ತಿಯ ಗಾಡಿ. ಎಂಜಿನ್‌ಗೆ ದೊಡ್ಡ ತೊಂದರೆ ಇರಲಿಲ್ಲ. ಆದರೆ ಕೆಳಭಾಗವನ್ನು ಯಾರೋ ಎಂದೋ ಅರ್ಧ ಬಿಚ್ಚಿ ಹಾಗೇ ಬಿಟ್ಟಿದ್ದರು. ಒಂದು ಕಡೆಯ ಚೈನ್ ನೆಲದ ಮೇಲೆ ಹಾವಿನ ಹಾಗೆ ಬಿದ್ದಿತ್ತು. ರೋಲರುಗಳು ಗೋಡೆಗೆ ಒರಗಿದ್ದವು. ಶಿಮ್ (ಸಂದಿಗೆ ಕೊಡುವ ತೆಳು ತಗಡು), ವಾಷರ್, ಬೋಲ್ಟ್ ಎಲ್ಲ ಒಂದೇ ಗೋಣಿಚೀಲದಲ್ಲಿ. ರೈತರು ಬಂದು, "ಕಾಕಾ, ಇದನ್ನ ನಿಲ್ಲಿಸಿ ಕೊಡ್ರಿ" ಅಂದರು. ನನ್ನ ತಂಗಿಯ ಮಗ ಡೀಸೆಲ್ ಮೆಕ್ಯಾನಿಕ್ ಐಟಿಐ ಮುಗಿಸಿದ್ದ. ಅವನನ್ನೂ, ಅವನ ಜೊತೆಯ ಇನ್ನಿಬ್ಬರು ಹುಡುಗರನ್ನೂ ಕರೆದುಕೊಂಡು ಹೋದೆ. ಮೂವರೂ ಎಂಜಿನ್ ಬಿಚ್ಚಿ ಕಟ್ಟಿದವರೇ. ಚೈನಿನ ಒಂದು ಪಿನ್ ಹೊರಗೆ ಬಂದದ್ದನ್ನು ಮಾತ್ರ ಮೂವರೂ ನೋಡಿರಲಿಲ್ಲ.

ಮೊದಲ ಪಾಠ ಗಾಡಿ ಎತ್ತುವುದು. ಎರೆ ಮಣ್ಣಿನ ಮೇಲೆ ಜಾಕ್ ಇಟ್ಟರೆ ಗಾಡಿ ಮೇಲೇಳುವುದಿಲ್ಲ, ಜಾಕೇ ಕೆಳಗೆ ಹೋಗುತ್ತದೆ. ಕೆಳಗೆ ದಪ್ಪ ಕಬ್ಬಿಣದ ತಗಡು ಹಾಸಿ, ಅದರ ಮೇಲೆ ರೈಲ್ವೆ ಸ್ಲೀಪರ್ ಮರಗಳನ್ನು ಅಡ್ಡ ಉದ್ದ ಜೋಡಿಸಿ, ಅದರ ಮೇಲೆ ಜಾಕ್ ಇಡಬೇಕು. ಎತ್ತಿದಷ್ಟಕ್ಕೂ ಮರ ಕೊಡುತ್ತಾ ಹೋಗಬೇಕು. ಸುಮಾರು ಇಪ್ಪತ್ತು ಟನ್ ಗಾಡಿ ಜಾಕಿನ ಮೇಲೆ ಇರಬಾರದು, ಮರದ ಮೇಲೆ ಇರಬೇಕು. ಇದರಲ್ಲಿ ಒಂದು ಇಂಚೂ ರಾಜಿ ಇಲ್ಲ.

ಆಮೇಲೆ ಚೈನ್. ಜನ "ಚೈನ್ ಹಿಗ್ಗಿದೆ" ಅನ್ನುತ್ತಾರೆ. ಚೈನಿನ ಕಬ್ಬಿಣ ಹಿಗ್ಗುವುದಿಲ್ಲ. ಒಂದೊಂದು ಕೊಂಡಿಯಲ್ಲೂ ಒಂದು ಪಿನ್, ಅದರ ಮೇಲೆ ಕೊಳವೆಯಂಥ ಒಂದು ಬುಷ್ ಇರುತ್ತದೆ. ಪಿನ್ ಹೊರಮೈ, ಬುಷ್ ಒಳಮೈ ಉಜ್ಜಿ ಉಜ್ಜಿ ಒಂದು ಪಕ್ಕ ಮಾತ್ರ ಸವೆಯುತ್ತದೆ. ಹಾಗೆ ಸವೆದಷ್ಟೂ ಕೊಂಡಿಯಿಂದ ಕೊಂಡಿಗೆ ಇರುವ ಅಂತರ ಬೆಳೆಯುತ್ತದೆ. ಡಿ-80ರಲ್ಲಿ ಹೊಸ ಚೈನಿನ ಆ ಅಂತರ ಸುಮಾರು 216 ಮಿಲಿಮೀಟರ್. ಒಂದು ಕೊಂಡಿಗೆ ಮೂರು ಮಿಲಿಮೀಟರ್ ಬೆಳೆದರೆ ಮುಗಿಯಿತು, ಪಿನ್ ಬುಷ್ ಹೊರಗೆ ಬರಬೇಕು. ಮೂರು ಮಿಲಿಮೀಟರ್ ಅಂದರೆ ಏನು ಮಹಾ ಅಂತ ಹುಡುಗರಿಗೆ ಅನಿಸಿತು. ಒಂದು ಪಕ್ಕದಲ್ಲಿ ನಲವತ್ತರ ಆಸುಪಾಸು ಕೊಂಡಿಗಳಿರುತ್ತವೆ, ಲೆಕ್ಕ ಹಾಕಿ ಅಂದೆ. ಹನ್ನೆರಡು ಸೆಂಟಿಮೀಟರ್! ಅರ್ಧ ಕೊಂಡಿಗಿಂತ ಜಾಸ್ತಿ. ಅಷ್ಟು ಉದ್ದವಾದ ಚೈನ್ ಸ್ಪ್ರಾಕೆಟ್ಟಿನ ಹಲ್ಲಿನ ಬುಡದಲ್ಲಿ ಕೂರುವುದಿಲ್ಲ, ತುದಿಗೆ ಹತ್ತುತ್ತದೆ. ಹಲ್ಲು ಮೊನೆಯಾಗುತ್ತದೆ. ಕೊನೆಗೆ ಚೈನೂ ಹೋಯಿತು, ಸ್ಪ್ರಾಕೆಟ್ಟೂ ಹೋಯಿತು.

ಅಳೆಯುವುದಕ್ಕೂ ಒಂದು ರೀತಿ ಇದೆ. ಸಡಿಲ ಬಿದ್ದ ಚೈನಿಗೆ ಟೇಪ್ ಹಿಡಿದರೆ ಸುಳ್ಳು ಅಳತೆ ಬರುತ್ತದೆ. ಓಡುವ ಗಾಡಿಯಾದರೆ ಸ್ಪ್ರಾಕೆಟ್ ಹಲ್ಲಿಗೂ ಚೈನಿಗೂ ನಡುವೆ ಒಂದು ಹಳೆಯ ಪಿನ್ ಸಿಕ್ಕಿಸಿ, ಗಾಡಿಯನ್ನು ಸ್ವಲ್ಪ ರಿವರ್ಸ್ ತೆಗೆದುಕೊಂಡರೆ ಮೇಲಿನ ಚೈನ್ ಬಿಗಿಯಾಗಿ ನಿಲ್ಲುತ್ತದೆ. ಆಗ ನಾಲ್ಕು ಕೊಂಡಿ ಸೇರಿಸಿ ಅಳೆಯಬೇಕು. ಹೊಸದಾದರೆ 864 ಮಿಲಿಮೀಟರ್ ಸಿಗಬೇಕು. ನಾವು ನೆಲದ ಮೇಲಿನ ಚೈನನ್ನು ಚೈನ್ ಬ್ಲಾಕ್ (ಭಾರ ಎತ್ತುವ, ಎಳೆಯುವ ಕೈರಾಟೆ) ಹಾಕಿ ಎಳೆದು ಬಿಗಿ ಮಾಡಿ ಅಳೆದೆವು. ಒಂದೇ ಕಡೆ ಅಲ್ಲ, ಬೇರೆ ಬೇರೆ ಕಡೆ. ಸವೆತ ಇತ್ತು, ಆದರೆ ಮಿತಿ ದಾಟಿರಲಿಲ್ಲ. ಬುಷ್‌ಗಳ ಹೊರಮೈ ಒಂದು ಪಕ್ಕ ತಿಂದಿತ್ತು, ಬಿರುಕು ಮಾತ್ರ ಬಿಟ್ಟಿರಲಿಲ್ಲ.

ಹೀಗೆ ಸಿಕ್ಕ ಚೈನ್ ಪುಣ್ಯವಂತ ಚೈನ್. ಯಾಕೆಂದರೆ ಪಿನ್ನು, ಬುಷ್ಷು ಎರಡೂ ಸವೆಯುವುದು ಒಂದೇ ಪಕ್ಕ. ಅವನ್ನು ಪ್ರೆಸ್ಸಿನಲ್ಲಿ ಹೊರಗೆ ತಳ್ಳಿ, ಅರ್ಧ ಸುತ್ತು ತಿರುಗಿಸಿ, ಸವೆಯದ ಪಕ್ಕ ಕೆಲಸಕ್ಕೆ ಬರುವ ಹಾಗೆ ಮತ್ತೆ ಒಳಗೆ ಒತ್ತಿದರೆ ಚೈನಿಗೆ ಎರಡನೇ ಆಯಸ್ಸು. ಪಿನ್ ಬುಷ್ ಟರ್ನಿಂಗ್ ಅನ್ನುವುದು ಇದಕ್ಕೇ. ಆದರೆ ಸಮಯಕ್ಕೆ ಮಾಡಬೇಕು. ಬುಷ್ಷಿನ ಮೇಲ್ಪದರ ಮಾತ್ರ ಗಡಸು. ಆ ಪದರ ಸವೆದು ಒಳಗಿನ ಮೆತ್ತನೆ ಉಕ್ಕು ಸಿಕ್ಕಿತೋ, ಆಮೇಲೆ ತಡೆಯುವವರಿಲ್ಲ. ಗಣಿಗಳು ಇರುವುದರಿಂದ ಹೊಸಪೇಟೆ ಕಡೆ ಟ್ರ್ಯಾಕ್ ಪ್ರೆಸ್ ಇರುವ ವರ್ಕ್‌ಶಾಪ್ ಸಿಕ್ಕಿತು. ಹತ್ತಾರು ಟನ್ ಒತ್ತಡಕ್ಕೆ ಒಂದೊಂದು ಪಿನ್ನೂ ಢಂ ಅಂತ ಬಿಟ್ಟುಕೊಂಡು ಹೊರಬರುವುದನ್ನು ಹುಡುಗರು ಬಾಯಿ ಬಿಟ್ಟು ನೋಡಿದರು. ಹೊರಬಂದ ಪಿನ್ನನ್ನು ಬೆರಳಲ್ಲಿ ಸವರಿ ನೋಡಿ ಅಂದೆ. ಒಂದು ಪಕ್ಕ ಗುಂಡಗೆ, ಇನ್ನೊಂದು ಪಕ್ಕ ಚಪ್ಪಟೆ ಮೆಟ್ಟಿಲು. ಆ ಮೆಟ್ಟಿಲು ಕೈಗೆ ಸಿಕ್ಕ ಮೇಲೆ ಚೈನ್ ಯಾಕೆ ಉದ್ದವಾಗುತ್ತದೆ ಅಂತ ಯಾರಿಗೂ ಮತ್ತೆ ಹೇಳಬೇಕಾಗಲಿಲ್ಲ. ಪುಸ್ತಕದ ಚಿತ್ರದಲ್ಲಿ ಇದು ಬರುವುದಿಲ್ಲ.

ಇನ್ನೊಂದು ವಿಷಯ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಸ್ಪ್ರಾಕೆಟ್ಟಿನ ಹಲ್ಲು ಎಣಿಸಿ ನೋಡಿ, ಈ ಥರದ ಗಾಡಿಗಳಲ್ಲಿ ಸಾಮಾನ್ಯವಾಗಿ ಬೆಸ ಸಂಖ್ಯೆಯೇ ಇರುತ್ತದೆ. ಎರಡು ಬುಷ್ಷಿನ ನಡುವಿನ ಅಂತರದಲ್ಲಿ ಎರಡು ಹಲ್ಲು ಬರುವ ಹಾಗೆ ಮಾಡಿರುತ್ತಾರೆ. ಆದ್ದರಿಂದ ಒಂದು ಸುತ್ತಿನಲ್ಲಿ ಒಂದು ಬಿಟ್ಟು ಒಂದು ಹಲ್ಲು ಮಾತ್ರ ಬುಷ್ ಹಿಡಿಯುತ್ತದೆ. ಸಂಖ್ಯೆ ಬೆಸ ಆಗಿರುವುದರಿಂದ ಮುಂದಿನ ಸುತ್ತಿಗೆ ಬಿಟ್ಟುಹೋದ ಹಲ್ಲುಗಳ ಸರದಿ. ಎಲ್ಲ ಹಲ್ಲಿಗೂ ಕೆಲಸ ಸಮ, ಸವೆತವೂ ಸಮ. ಸಮ ಸಂಖ್ಯೆ ಇದ್ದಿದ್ದರೆ ಅರ್ಧ ಹಲ್ಲು ಸವೆದು ಹೋಗುತ್ತಿದ್ದವು, ಉಳಿದರ್ಧ ಸುಮ್ನೆ ಕೂತಿರುತ್ತಿದ್ದವು. ಇದನ್ನು ಯೋಚಿಸಿದ ತಲೆಗೆ ಕೈ ಮುಗಿಯಬೇಕು ಅಲ್ವಾ?

ರೋಲರ್ ಜೋಡಿಸುವಾಗ ಅವಸರ ಮಾಡಿದರೆ ಕೆಲಸ ಎರಡಾಗುತ್ತದೆ. ಕೆಳಗಿನ ರೋಲರುಗಳಲ್ಲಿ ಎರಡು ಜಾತಿ. ಒಂಟಿ ಅಂಚಿನವು, ಜೋಡಿ ಅಂಚಿನವು. ಹಿಂದೆ ಸ್ಪ್ರಾಕೆಟ್ಟಿಗೆ ಹತ್ತಿರ ಒಂಟಿ ಅಂಚಿನದೇ ಬರಬೇಕು. ಜೋಡಿ ಅಂಚಿನದು ಅಲ್ಲಿ ಸ್ಪ್ರಾಕೆಟ್ಟಿಗೆ ತಾಗುತ್ತದೆ. ಜೋಡಿ ಅಂಚಿನವು ನಡುವೆ ಬಂದು ಚೈನನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತವೆ. ಬಿಚ್ಚುವಾಗಲೇ ಚಾಕ್‌ಪೀಸಿನಿಂದ ಒಂದು, ಎರಡು ಅಂತ ಬರೆದಿದ್ದರೆ ಎಲ್ಲ ಸಲೀಸು. ಹಿಂದೆ ಬಿಚ್ಚಿದವರು ಬರೆದಿರಲಿಲ್ಲ. ಸವೆತದ ಗುರುತು ನೋಡಿ ಯಾವುದು ಎಲ್ಲಿತ್ತು ಅಂತ ಹುಡುಕಬೇಕಾಯಿತು.

ರೋಲರ್ ಒಳಗಿನ ಸೀಲಿನ ವಿಷಯ ಬಿಡಿಸಿ ಹೇಳಲೇಬೇಕು. ಎರಡು ಕಬ್ಬಿಣದ ರಿಂಗು. ಒಂದಕ್ಕೊಂದು ತಾಗುವ ಮುಖಗಳು ಕನ್ನಡಿಯಷ್ಟು ನುಣುಪು. ಎರಡರ ಹೊರಗೂ ಒಂದೊಂದು ರಬ್ಬರ್ ರಿಂಗು. ಒಂದು ರಿಂಗ್ ರೋಲರಿನ ಜೊತೆ ತಿರುಗುತ್ತದೆ, ಇನ್ನೊಂದು ನಿಂತೇ ಇರುತ್ತದೆ. ಎಣ್ಣೆ ಹೊರಗೆ ಹೋಗದ ಹಾಗೆ, ಮಣ್ಣು ಒಳಗೆ ಬಾರದ ಹಾಗೆ ಕಾಯುವುದು ಈ ಎರಡು ನುಣುಪು ಮುಖಗಳು ಮಾತ್ರ. ಕೆಸರಿನಲ್ಲಿ ಮುಳುಗಿ ಏಳುವ ಗಾಡಿಯಲ್ಲಿ ಇದಕ್ಕಿಂತ ನಾಜೂಕು ಕೆಲಸ ಇನ್ನೊಂದಿಲ್ಲ. ನನ್ನ ಅಳಿಯ ಕೇಳಿದ: "ಮಾಮಾ, ಎಲ್ಲಾ ರಿಂಗೂ ಒಂದೇ ಥರ ಅದಾವಲ್ಲ, ಯಾವುದು ಯಾವುದಕ್ಕ ಹಾಕಿದರೇನು?" ಹಾಗಲ್ಲ. ಒಟ್ಟಿಗೆ ಓಡಿದ ಜೋಡಿ ಒಟ್ಟಿಗೇ ಇರಬೇಕು. ಒಂದನ್ನು ಬದಲಿಸಿದರೆ ಎರಡನ್ನೂ ಬದಲಿಸಬೇಕು. ರಬ್ಬರ್ ರಿಂಗು ಮತ್ತು ಅದು ಕೂರುವ ಜಾಗ ಒಣಗಿರಬೇಕು. ಅಲ್ಲಿ ಎಣ್ಣೆ ಹತ್ತಿದರೆ ರಬ್ಬರ್ ಜಾರುತ್ತದೆ, ಸೀಲ್ ಓರೆ ಕೂರುತ್ತದೆ. ಎಣ್ಣೆ ಬೇಕಾದದ್ದು ಕಬ್ಬಿಣದ ಮುಖಕ್ಕೆ, ಅದೂ ತೆಳುವಾಗಿ. ಕೈ ಒರೆಸುವ ಹಳೆಯ ಬಟ್ಟೆಯ ಒಂದು ನೂಲು ನಡುವೆ ಸಿಕ್ಕಿದರೂ ಎಣ್ಣೆ ಇಳಿಯಲು ದಾರಿಯಾಯಿತು. ಹುಡುಗರಿಗೆ ಕೈ ತೊಳೆದುಕೊಂಡು ಬಂದು ಕೂರಿ ಅಂದೆ. ಮೆಕ್ಯಾನಿಕ್ ಕೆಲಸಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆದದ್ದು ಅವರಿಗೆ ಅದೇ ಮೊದಲು. ಕೂಡಿಸಿದ ಮೇಲೆ ಸಣ್ಣ ಒತ್ತಡದ ಗಾಳಿ ಬಿಟ್ಟು, ಸೋರುತ್ತದೆಯೇ ನೋಡಿ, ಆಮೇಲೇ ಎಣ್ಣೆ ತುಂಬಿದೆವು.

ಇನ್ನು ರಿಕಾಯಿಲ್ ಸ್ಪ್ರಿಂಗ್. ಇದನ್ನು ಓದುಗರಲ್ಲಿ ಗುಜರಿ ವ್ಯಾಪಾರ ಮಾಡುವವರಿದ್ದರೆ ದಯವಿಟ್ಟು ಗಮನವಿಟ್ಟು ಓದಬೇಕು. ಗಾಡಿಯ ಮುಂದಿನ ಐಡ್ಲರ್ ಬಂಡೆಗೆ ಗುದ್ದಿದಾಗ ಆ ಪೆಟ್ಟು ತಡೆಯಲು ಟ್ರ್ಯಾಕ್ ಫ್ರೇಮಿನ (ರೋಲರು, ಐಡ್ಲರು ಕೂರುವ ಚೌಕಟ್ಟಿನ) ಒಳಗೆ ತೊಡೆ ಗಾತ್ರದ ಒಂದು ಸ್ಪ್ರಿಂಗ್ ಇರುತ್ತದೆ. ಅದನ್ನು ಹಲವು ಟನ್ ಒತ್ತಿ, ಬೋಲ್ಟ್ ಹಾಕಿ ಹಿಡಿದಿಟ್ಟಿರುತ್ತಾರೆ. ಗಾಡಿ ಇಪ್ಪತ್ತು ವರ್ಷ ನಿಂತಿದ್ದರೂ ಆ ಒತ್ತಡ ಹಾಗೇ ಇರುತ್ತದೆ. ಗ್ಯಾಸ್ ಕಟರ್ ಹಿಡಿದು ಫ್ರೇಮ್ ಕತ್ತರಿಸುವ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ಅವನಿಗೆ ಎಲ್ಲವೂ ಕಬ್ಬಿಣ. ಆ ಬೋಲ್ಟ್ ಕತ್ತರಿಸಿದ ಕ್ಷಣ ಸ್ಪ್ರಿಂಗ್ ಬಿಡುಗಡೆಯಾದರೆ ಎದುರಿಗಿದ್ದ ಮನುಷ್ಯ ಉಳಿಯುವುದು ಕಷ್ಟ. ಅದನ್ನು ಪ್ರೆಸ್ಸಿನಲ್ಲಿ ಒತ್ತಿ ಹಿಡಿದು, ಒತ್ತಡ ಇಳಿಸಿಯೇ ಬಿಚ್ಚಬೇಕು. ಸ್ಪ್ರಿಂಗ್ ಒಳ್ಳೆಯದಿದ್ದರೆ ಬಿಚ್ಚಲೇ ಬಾರದು, ಇಡಿಯಾಗಿ ತೆಗೆದು ಇಡಿಯಾಗಿ ಕೂರಿಸಬೇಕು. ನಾವು ಹಾಗೇ ಮಾಡಿದೆವು. ಹರಾಜಿನ ಷರತ್ತಿನಲ್ಲಿ ಈ ಎಚ್ಚರಿಕೆಯ ಒಂದು ಸಾಲು ಕನ್ನಡದಲ್ಲಿ ಇರಬೇಕು ಎಂದು ಅಧಿಕಾರಿಗಳನ್ನು ಕೇಳಿಕೊಳ್ಳುತ್ತೇನೆ.

ಐಡ್ಲರ್ ಮತ್ತು ಸ್ಪ್ರಾಕೆಟ್ ಒಂದೇ ಗೆರೆಯಲ್ಲಿ ಇರಬೇಕು. ಐಡ್ಲರಿನ ಪಕ್ಕದಲ್ಲಿ ಶಿಮ್ ಹಾಕಿ ಸರಿಪಡಿಸಬಹುದು. ಹಳೆಯ ಚೈನಿನ ಕೊಂಡಿಗಳು ಒಳಪಕ್ಕ ಜಾಸ್ತಿ ಸವೆದಿದ್ದರೆ, ಸ್ಪ್ರಾಕೆಟ್ ಹಲ್ಲಿನ ಒಂದು ಪಕ್ಕ ಹೊಳೆಯುತ್ತಿದ್ದರೆ, ಗೆರೆ ತಪ್ಪಿದೆ ಅಂತಲೇ ಅರ್ಥ. ಹೊಸ ಚೈನ್ ಹಾಕಿ ಗೆರೆ ನೋಡದೆ ಬಿಟ್ಟರೆ ಹೊಸದೂ ಅದೇ ಪಕ್ಕ ಸವೆಯುತ್ತದೆ.

ಚೈನಿನ ಹೊರಗೆ ನೆಲಕ್ಕೆ ತಾಗುವ ಶೂ ಪ್ಲೇಟಿನ ಬೋಲ್ಟು ಬಿಗಿಯುವಾಗ ಹುಡುಗರು ಪೈಪ್ ಸಿಕ್ಕಿಸಿ ಶಕ್ತಿ ಇದ್ದಷ್ಟು ಎಳೆಯಲು ಹೊರಟರು. ಮೊದಲು ಬೋಲ್ಟಿನ ಮರೆಯನ್ನು (ತಿರುಪಿನ ಗೆರೆಗಳನ್ನು) ತಂತಿ ಬ್ರಷ್ಷಿನಲ್ಲಿ ಶುಚಿ ಮಾಡಿ, ತೆಳುವಾಗಿ ಎಣ್ಣೆ ಹಚ್ಚಿ, ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಲ್ಲಿ ತರಬೇಕು. ಅಲ್ಲಿಂದ ಮುಂದೆ ಸುತ್ತಿನ ಮೂರನೇ ಒಂದು ಭಾಗ ಮಾತ್ರ ತಿರುಗಿಸಬೇಕು. ಆಗ ಬೋಲ್ಟು ತಾನು ಹಿಗ್ಗಿ ಪ್ಲೇಟನ್ನು ಹಿಡಿಯುತ್ತದೆ. ಗಾಡಿ ಸ್ವಲ್ಪ ಕೆಲಸ ಮಾಡಿದ ಮೇಲೆ ಮತ್ತೊಮ್ಮೆ ನೋಡಬೇಕು.

ಚೈನ್ ಏರಿಸುವ ದಿನ ಊರಿನ ಅರ್ಧ ಜನ ಬಂದು ನಿಂತಿದ್ದರು. ಚೈನಿಗೂ ಹಿಂದೆ ಮುಂದೆ ಇದೆ. ಮೊದಲು ಅದನ್ನು ನೋಡಿಕೊಂಡು ನೆಲಕ್ಕೆ ನೇರವಾಗಿ ಹಾಸಿ, ರೋಲರುಗಳು ಅದರ ಮೇಲೆ ಕೂರುವ ಹಾಗೆ ಗಾಡಿ ಇಳಿಸಿದೆವು. ಹಿಂದಿನ ತುದಿಯನ್ನು ಚೈನ್ ಬ್ಲಾಕಿನಲ್ಲಿ ಎತ್ತಿ ಸ್ಪ್ರಾಕೆಟ್ಟಿಗೆ ಕಚ್ಚಿಸಿದೆವು. ಎಂಜಿನ್ ಚಾಲೂ ಮಾಡಿ ನಿಧಾನಕ್ಕೆ ತಿರುಗಿಸಿದರೆ ಗಾಡಿಯೇ ತನ್ನ ಚೈನನ್ನು ಮೇಲೆ ಎಳೆದುಕೊಳ್ಳುತ್ತದೆ. ಮೇಲಿನ ಕ್ಯಾರಿಯರ್ ರೋಲರುಗಳನ್ನು ದಾಟಿಸಿ, ಮುಂದೆ ಐಡ್ಲರಿನ ಹತ್ತಿರ ಎರಡು ತುದಿ ಸೇರಿಸಬೇಕು. ಸೇರಿಸುವುದು ಮಾಸ್ಟರ್ ಪಿನ್. ಇದರ ತುದಿಯಲ್ಲಿ ಗುರುತಿಗೆ ಒಂದು ಸಣ್ಣ ಗುಳಿ ಇರುತ್ತದೆ. ಉಳಿದ ಪಿನ್ನಿನಷ್ಟು ಬಿಗಿ ಇರುವುದಿಲ್ಲ. ಅದರ ಬುಷ್ ಕೂಡ ಸ್ವಲ್ಪ ಗಿಡ್ಡ, ಎರಡೂ ಪಕ್ಕ ವಾಷರ್ ಬರುತ್ತವೆ. ಶೂ ಕೆಳಗೆ ಮರದ ದಿಮ್ಮಿ ಕೊಟ್ಟು ತೂತಿಗೆ ತೂತು ಹೊಂದಿಸುವುದೇ ದೊಡ್ಡ ಕೆಲಸ. ಒಬ್ಬ ಹಾರೆ ಹಿಡಿದ, ಒಬ್ಬ ತೂತಿನೊಳಗೆ ಟಾರ್ಚ್ ಬಿಟ್ಟು ಇನ್ನೂ ಒಂಚೂರು ಮೇಲೆ, ಒಂಚೂರು ಮೇಲೆ ಅನ್ನುತ್ತಿದ್ದ. ಹೊಂದಿದ ಮೇಲೆ ಪಿನ್ ಹೊಡೆಯುವುದು ನನ್ನ ಅಳಿಯನಿಗೇ ಬಿಟ್ಟೆ.

ಕೊನೆಗೆ ಬಿಗಿ ನೋಡುವುದು. ಅಡ್ಜಸ್ಟರಿಗೆ ಗ್ರೀಸ್ ಪಂಪ್ ಮಾಡಿದರೆ ಐಡ್ಲರ್ ಮುಂದೆ ಹೋಗಿ ಚೈನ್ ಬಿಗಿಯಾಗುತ್ತದೆ. ಐಡ್ಲರಿನಿಂದ ಮೇಲಿನ ರೋಲರಿಗೆ ಒಂದು ನೇರ ಪಟ್ಟಿ ಇಟ್ಟರೆ ನಡುವೆ ಚೈನ್ ಸುಮಾರು 20ರಿಂದ 30 ಮಿಲಿಮೀಟರ್ ಜೋಲು ಬಿದ್ದಿರಬೇಕು. ತಂತಿಯ ಹಾಗೆ ಬಿಗಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಅದು ಗಾಡಿಯನ್ನು ಒಳಗಿಂದ ತಿನ್ನುತ್ತದೆ. ಅದರಲ್ಲೂ ನಮ್ಮ ಎರೆ ಮಣ್ಣು. ಹಸಿ ಇದ್ದಾಗ ಅದು ಸ್ಪ್ರಾಕೆಟ್ ಹಲ್ಲಿನ ನಡುವೆ ಮೆತ್ತಿಕೊಂಡು ಗಟ್ಟಿಯಾಗುತ್ತದೆ. ಚೈನ್ ತಾನಾಗಿಯೇ ಇನ್ನೂ ಬಿಗಿಯಾಗುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಸಲಿಕೆಯಿಂದ ಮಣ್ಣು ಕೆರೆದು ಹಾಕದಿದ್ದರೆ ಬೆಳಿಗ್ಗೆ ಇಟ್ಟಿಗೆ ಆಗಿರುತ್ತದೆ. ಮಸಾರಿ ಕಡೆ ಮೆತ್ತುವುದು ಕಡಿಮೆ, ಆದರೆ ಅದರ ಮರಳು ಪಿನ್ನನ್ನು ಅರದ ಹಾಗೆ ಉಜ್ಜುತ್ತದೆ. 1904ರ ನವೆಂಬರಿನಲ್ಲಿ ಅಮೆರಿಕದ ಸ್ಟಾಕ್ಟನ್ ಹತ್ತಿರ ಬೆಂಜಮಿನ್ ಹೋಲ್ಟ್ ತನ್ನ ಉಗಿ ಟ್ರ್ಯಾಕ್ಟರಿನ ಗಾಲಿ ತೆಗೆದು ಚೈನ್ ಹಾಕಿ ನೋಡಿದ್ದು ಮೆತ್ತನೆ ನೆಲದಲ್ಲಿ ಗಾಲಿ ಹೂತು ಹೋಗುತ್ತಿದ್ದುದಕ್ಕೇ. ಅಂದಿನಿಂದ ಚೈನಿಗೆ ಜಗಳ ಇರುವುದು ಮಣ್ಣಿನ ಜೊತೆ.

ಗಾಡಿ ಓಡಿತು. ಈಗಲೂ ಓಡುತ್ತಿದೆ. ಆದರೆ ನಾನು ಈ ಕಾಗದ ಬರೆಯುತ್ತಿರುವುದು ಅದಕ್ಕಲ್ಲ.

ಆ ಮೂವರು ಹುಡುಗರಲ್ಲಿ ಇಬ್ಬರು ಈಗ ಹಿಟಾಚಿ ರಿಪೇರಿ ಮಾಡುತ್ತಿದ್ದಾರೆ. ಇವತ್ತು ಕೆರೆ ಹೂಳು ಎತ್ತುವುದಕ್ಕೂ ಹಿಟಾಚಿ, ಪಾಯ ತೋಡುವುದಕ್ಕೂ ಹಿಟಾಚಿ. ನಮ್ಮ ಕಡೆ ಯಾವ ಹೋಬಳಿಗೆ ಹೋದರೂ ಒಂದು ನಿಂತಿರುತ್ತದೆ. ಅದರ ಕೆಳಗಿರುವುದೂ ಇದೇ ಚೈನು, ಇದೇ ಪಿನ್ನು ಬುಷ್ಷು, ಇದೇ ರೋಲರು, ಇದೇ ಸೀಲು. ಸಾಲ ಮಾಡಿ ಗಾಡಿ ತಂದವರು ಚೈನ್ ಸೆಟ್ ಬದಲಿಸುವ ಹೊತ್ತಿಗೆ ಕಂಗಾಲಾಗುತ್ತಾರೆ. ಮೊದಲೇ ಅಳೆದು ನೋಡಿ ಎಚ್ಚರ ಹೇಳುವವರು ಊರಲ್ಲಿ ಇರುವುದಿಲ್ಲ. ಡ್ರೈವರುಗಳು ರಿವರ್ಸಿನಲ್ಲಿ ಜೋರಾಗಿ ಓಡಿಸುತ್ತಾರೆ, ಹಾಗೆ ಮಾಡಿದರೆ ಬುಷ್ಷೂ ಸ್ಪ್ರಾಕೆಟ್ಟೂ ಬೇಗ ಸವೆಯುತ್ತವೆ ಅಂತ ಅವರಿಗೆ ಯಾರೂ ಹೇಳಿಲ್ಲ. ಯಾವಾಗಲೂ ಒಂದೇ ಕಡೆ ತಿರುಗಿಸುತ್ತಾರೆ, ಒಂದು ಕಡೆಯ ಚೈನ್ ಮೊದಲು ಹೋಗುತ್ತದೆ. ಇನ್ನೂ ಭಯದ ವಿಷಯ, ಚೈನ್ ಸಡಿಲ ಮಾಡಲು ಅಡ್ಜಸ್ಟರಿನ ಗ್ರೀಸ್ ವಾಲ್ವನ್ನು ಪೂರ್ತಿ ಬಿಚ್ಚುತ್ತಾರೆ. ಒಳಗಿನ ಗ್ರೀಸಿಗೆ ವಿಪರೀತ ಒತ್ತಡ ಇರುತ್ತದೆ. ವಾಲ್ವನ್ನು ಒಂದು ಸುತ್ತಿಗಿಂತ ಜಾಸ್ತಿ ಸಡಿಲಿಸಬಾರದು. ಅದರ ಎದುರಿಗೆ ಮುಖವಾಗಲಿ ಕೈಯಾಗಲಿ ತರಬಾರದು. ಹಾರಿ ಬಂದ ವಾಲ್ವ್ ಗುಂಡಿಗಿಂತ ಕಡಿಮೆ ಏನಲ್ಲ.

ಇದನ್ನೆಲ್ಲ ಹೊಸ ಗಾಡಿಯಲ್ಲಿ ಕಲಿಸಲು ಆಗುವುದಿಲ್ಲ. ಲಕ್ಷಾಂತರ ರೂಪಾಯಿಯ ಗಾಡಿಯನ್ನು ಕಲಿಯುವ ಹುಡುಗರ ಕೈಗೆ ಯಾರು ಕೊಡುತ್ತಾರೆ? ಯಾರ್ಡಿನಲ್ಲಿ ನಿಂತಿರುವ ಹಳೆಯ ಡಿ-50, ಡಿ-80 ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಎಂಜಿನ್ ಓಡದಿದ್ದರೂ ಪರವಾಗಿಲ್ಲ. ಪಿನ್ ಸವೆದಿದ್ದರೆ ಇನ್ನೂ ಒಳ್ಳೆಯದು, ಸವೆತ ಅಂದರೆ ಏನು ಅಂತ ಕೈಗೆ ಸಿಗುತ್ತದೆ. ತೂಕಕ್ಕೆ ಹಾಕಿದರೆ ಸಿಗುವ ದುಡ್ಡು ಒಂದು ಸಲ ಖರ್ಚಾಗಿ ಹೋಗುತ್ತದೆ. ಐಟಿಐ ಅಂಗಳದಲ್ಲಿ ಒಂದು ತಗಡಿನ ಶೆಡ್ ಕೆಳಗೆ ನಿಂತರೆ ಆ ಗಾಡಿಯನ್ನು ವರ್ಷ ವರ್ಷವೂ ಹೊಸ ಹುಡುಗರು ಬಿಚ್ಚಿ ಕಟ್ಟುತ್ತಾರೆ. ಕಲಿಸುವವರು ಬೇಕೆಂದರೆ ನನ್ನಂಥ ಹಳೆಯ ಫಿಟ್ಟರುಗಳು ಹೊಸಪೇಟೆ, ಸಂಡೂರು, ಕೆಜಿಎಫ್ ಕಡೆ ಇನ್ನೂ ಇದ್ದೇವೆ. ಕರೆದರೆ ಸಂಬಳ ಕೇಳದೆ ಬರುವವರು ಇದ್ದಾರೆ. ನಾನಂತೂ ಬರುತ್ತೇನೆ. ಆದರೆ ಎಲ್ಲರಿಗೂ ವಯಸ್ಸಾಗುತ್ತಿದೆ, ತಡ ಮಾಡಬಾರದು.

ಇನ್ನೊಂದು ಸಣ್ಣ ಬೇಡಿಕೆ. ಗಾಡಿಗಳ ಜೊತೆ ಸ್ಟೋರಿನಲ್ಲಿ ಮರದ ಪೆಟ್ಟಿಗೆಗಳು ಇರುತ್ತವೆ. ಮಾಸ್ಟರ್ ಪಿನ್ ತಳ್ಳುವ ಸಾಧನ, ಸ್ಪ್ರಾಕೆಟ್ ಎಳೆಯುವ ಪುಲ್ಲರ್, ಸೀಲ್ ಕೂರಿಸುವ ರಿಂಗು, ಎಣ್ಣೆ ಕಲೆ ಹತ್ತಿದ ಶಾಪ್ ಮ್ಯಾನ್ಯುಯಲ್, ಪಾರ್ಟ್ಸ್ ಬುಕ್. ಹರಾಜಿನ ದಿನ ಇವನ್ನೂ ಕಬ್ಬಿಣ, ರದ್ದಿ ಅಂತ ತೂಗಿ ಕೊಟ್ಟುಬಿಡುತ್ತಾರೆ. ಆ ಪುಸ್ತಕ ಈಗ ದುಡ್ಡು ಕೊಟ್ಟರೂ ಸುಲಭವಾಗಿ ಸಿಗುವುದಿಲ್ಲ. ಗಾಡಿಯನ್ನು ಉಳಿಸಲು ಆಗದ ಯಾರ್ಡಿನವರೂ ಈ ಪೆಟ್ಟಿಗೆಯನ್ನು ಮಾತ್ರ ಬೇರೆ ತೆಗೆದಿಡಲಿ. ಮುಂದಿನ ಹರಾಜಿನ ಪ್ರಕಟಣೆ ಹೊರಡುವ ಮುಂಚೆ ಸ್ಟೋರ್ ಕೀಪರ್ ಅದರ ಪಟ್ಟಿ ಮಾಡಿ ಹತ್ತಿರದ ಐಟಿಐ ಪ್ರಾಂಶುಪಾಲರಿಗೆ ಕಳಿಸಲಿ.

ಇಂತಿ,
ಒಬ್ಬ ನಿವೃತ್ತ ಫಿಟ್ಟರ್, ಗಂಗಾವತಿ